ನಮ್ಮಲ್ಲಿ ಎಲ್ಲ ಸರಿ ಇದೆ

ಗಣಕ ಕೇಂದ್ರದ ನಿರ್ದೇಶಕಿ ಇನ್ನೂ ಕೈಚೀಲವನ್ನು ಮೇಜಿನ ಮೇಲೆ ಇಟ್ಟಿರಲಿಲ್ಲ, ಅಷ್ಟರಲ್ಲೇ ಪರೀಕ್ಷಾ ವಿಭಾಗದ ಗುಮಾಸ್ತ ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬಂದ. ವಿಶ್ವವಿದ್ಯಾಲಯದ ಗಣಕ ಕೇಂದ್ರ ಇದ್ದದ್ದು ಆಡಳಿತ ಭವನದ ನೆಲಮಾಳಿಗೆಯಲ್ಲಿ. ಏನಾದರೂ ಕೆಟ್ಟು ನಿಂತಾಗ ಮಾತ್ರ ಜನರಿಗೆ ಆ ಮೆಟ್ಟಿಲುಗಳ ನೆನಪಾಗುತ್ತಿತ್ತು.

"ಮೇಡಂ, ಯಾವ ಫೈಲ್ ತೆಗೆದ್ರೂ ಒಂದೇ ಬರಹ ಬರ್ತಿದೆ. ಎಲ್ಲದಕ್ಕೂ ಬೀಗ ಹಾಕಿದ್ದೀವಿ, ದುಡ್ಡು ಕೊಟ್ರೆ ಬೀಗದಕೈ ಕೊಡ್ತೀವಿ ಅಂತ. ನಾನೇನೂ ಮುಟ್ಟಿಲ್ಲ, ದೇವರಾಣೆ!"

ಇಂಥದ್ದು ಎಂದಾದರೂ ಒಂದು ದಿನ ಬಂದೇ ಬರುತ್ತದೆ ಎಂದು ಅವಳು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಈಗ ಬಂದೇ ಬಿಟ್ಟಿತ್ತು. ಸೆರಗು ಸಿಕ್ಕಿಸಿಕೊಂಡು ಸರ್ವರ್ ಕೋಣೆಗೆ ನುಗ್ಗಿ, ತಾನೇ ಮಂಡಿಯೂರಿ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತಳು. ಸಹಾಯಕಿ ಇನ್ನೊಂದು ಸಾಲಿನ ಹಿಂದೆ ಕೂತು ಕೀಳುತ್ತಿದ್ದಳು. ಬಿಸಿಲೇರುವ ಹೊತ್ತಿಗೆ ಲೆಕ್ಕ ಸಿಕ್ಕಿತ್ತು: ಫಲಿತಾಂಶ, ಪ್ರವೇಶ, ಸಂಬಳ, ಮೂರೂ ಬೀಗದೊಳಗೆ. ಆದರೆ ಎಲ್ಲದರ ಪ್ರತಿಯನ್ನು ಅವಳು ಬೇರೆ ಕಟ್ಟಡದ ಕಪಾಟಿನಲ್ಲಿ, ಯಾವ ತಂತಿಗೂ ಜೋಡಿಸದೆ ಇಟ್ಟಿದ್ದಳು. ಅದನ್ನು ತೆಗೆದು ನೋಡಿ, ಸರಿಯಿದೆ ಎಂದು ಗೊತ್ತಾದ ಮೇಲೆ ಹೋದ ಜೀವ ಬಂದಂತಾಯಿತು. ಕೆಲಸ ಹಲವು ವಾರ ಹಿಡಿಯುತ್ತದೆ, ಆದರೆ ಏನೂ ಕಳೆದುಹೋಗುವುದಿಲ್ಲ.

ಕುಲಪತಿಗಳು ಬಾಗಿಲು ಹಾಕಿಸಿ ಮಾತಿಗೆ ಕೂತರು. ಕೆಟ್ಟವರೇನಲ್ಲ, ಹೊಸಬರು, ಹೆಸರಿಗೆ ಅಂಜುವವರು. ಪಕ್ಕದಲ್ಲಿ ಕುಲಸಚಿವ ಕೈಕಟ್ಟಿ ಕೂತಿದ್ದ.

"ಪ್ರವೇಶ ನಡೀತಾ ಇದೆ. ಮುಂದಿನ ವಾರ ಮಾನ್ಯತೆ ತಂಡ ಬರುತ್ತೆ. ಈಗ ಇದು ಹೊರಗೆ ಬಿದ್ರೆ ನಾವೆಲ್ಲ ಮನೆಗೆ ಹೋಗಬೇಕಾಗುತ್ತೆ. ದುರಸ್ತಿಗಾಗಿ ಸೇವೆ ನಿಲ್ಲಿಸಿದ್ದೀವಿ ಅಂತ ಒಂದು ಸೂಚನೆ ಹಾಕಿ, ಸಾಕು. ಹೊರಗೆ ಒಂದಕ್ಷರ ಹೋಗಬಾರದು."

"ಸಂಘಕ್ಕೆ ಮಾತ್ರ ಹೇಳ್ತೀನಿ ಸರ್," ಎಂದಳು ಅವಳು. "ಕಳ್ಳರು ಒಳಗೆ ಬಂದಿರೋದು ಪರೀಕ್ಷಾ ತಂತ್ರಾಂಶದ ಕಂಪನಿ ಇಟ್ಕೊಂಡಿರೋ ಬಾಗಿಲಿಂದ. ಅವರು ದೂರದಿಂದಲೇ ರಿಪೇರಿ ಮಾಡೋಕೆ ಅದೇ ದಾರೀಲಿ ಬರ್ತಾರೆ. ಆ ಕಂಪನಿ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿದೆ. ಅವರೆಲ್ಲ ಈಗಲೇ ಆ ಬಾಗಿಲು ಹಾಕ್ಕೋಬೇಕು."

"ಸಂಘಕ್ಕೆ ಹೇಳೋದೂ ಒಂದೇ, ರೇಡಿಯೋದಲ್ಲಿ ಓದೋದೂ ಒಂದೇ," ಎಂದ ಕುಲಸಚಿವ.

"ಎರಡು ದಿನ ತಡೀರಿ," ಎಂದರು ಕುಲಪತಿ. "ಆಡಳಿತ ಮಂಡಳಿ ಸೇರಲಿ. ಆಮೇಲೆ ನೋಡೋಣ."

ಸಂಘವೆಂದರೆ ದೇಶದ ವಿಶ್ವವಿದ್ಯಾಲಯಗಳ ಐಟಿ ಮುಖ್ಯಸ್ಥರ ಸಂಘ. ಒಂದು ಸಮ್ಮೇಳನದ ಟೀ ವಿರಾಮದಲ್ಲಿ ನಾಲ್ಕೈದು ಜನ ನೆಲಮಾಳಿಗೆಯವರು ತಮ್ಮ ತಮ್ಮ ಗೋಳು ತೋಡಿಕೊಂಡದ್ದರಿಂದ ಶುರುವಾದದ್ದು. ಈಗ ದೇಶವೆಲ್ಲ ಹಬ್ಬಿತ್ತು. ಒಬ್ಬರ ಕೆಟ್ಟ ಯಂತ್ರಕ್ಕೆ ಇನ್ನೊಬ್ಬರ ಬಿಡಿಭಾಗ, ಒಬ್ಬರ ತಲೆನೋವಿಗೆ ಇನ್ನೊಬ್ಬರ ಅನುಭವ. ಅದರ ಭದ್ರತಾ ಸಮಿತಿಗೆ ಇವಳೇ ಮುಖ್ಯಸ್ಥೆ. ದಾಳಿಯಾದ ದಿನವೇ ಉಳಿದವರಿಗೆ ತಿಳಿಸಬೇಕು, ಮೇಲಿನವರ ಅಪ್ಪಣೆಗೆ ಕಾಯಬಾರದು ಎಂಬ ನಿಯಮ ಬರೆದವಳೂ ಇವಳೇ. ಹಿಂದೊಮ್ಮೆ ತನ್ನಲ್ಲಾದ ದಾಳಿಯನ್ನು ಮುಚ್ಚಿಟ್ಟ ಒಬ್ಬ ಮುಖ್ಯಸ್ಥನಿಗೆ ತುಂಬಿದ ಸಭೆಯಲ್ಲಿ ಬೆವರಿಳಿಸಿದ್ದಳು. ಆತ ಕೊನೆಯವರೆಗೂ ತಲೆ ಎತ್ತಿರಲಿಲ್ಲ.

ಸಂಜೆ ಮನೆಗೆ ಹೋದಾಗ ಅತ್ತೆ ಬಟಾಣಿ ಬಿಡಿಸುತ್ತಾ ಕೂತಿದ್ದರು.

"ನಿನ್ನ ಕಂಪ್ಯೂಟರ್‌ಗೆ ಜ್ವರವಂತೆ? ಎದುರುಮನೆ ಹುಡುಗಿ ಹೇಳಿದಳು. ಅರ್ಜಿ ಹಾಕೋಕೆ ಹೋದ್ರೆ ದುರಸ್ತಿ ಅಂತ ಬರ್ತಿದೆಯಂತೆ."

"ಹೌದು ಅತ್ತೆ. ಸ್ವಲ್ಪ ದಿನ ಹಿಡಿಯುತ್ತೆ."

ಗಂಡ ಅದೇ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಬರುವ ತಿಂಗಳು ಅವನ ಬಡ್ತಿಯ ಸಂದರ್ಶನ, ಅಧ್ಯಕ್ಷತೆ ಕುಲಪತಿಗಳದ್ದು. ಅವಳು ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಅವನು ಕೊತ್ತಂಬರಿ ತೊಳೆಯುವುದನ್ನು ನಿಲ್ಲಿಸಿ ಕೇಳಿದ.

"ಎರಡು ದಿನ ತಾನೇ? ಮಂಡಳಿ ಸೇರಲಿ ಬಿಡು. ನೀನೊಬ್ಬಳೇ ಯಾಕೆ ತಲೆ ಕೊಡ್ತೀಯಾ?"

"ನಿಮ್ಮ ಸಂದರ್ಶನಕ್ಕೋಸ್ಕರ ಹೇಳ್ತಿದ್ದೀರಾ?"

"ನಾನು ಹಾಗಂದ್ನಾ?"

ಅವನು ಹಾಗೆ ಅಂದಿರಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ತನಗೆ ತಾನೇ ಹೇಳಿಕೊಂಡು ಬಂದದ್ದನ್ನೇ ಅವನು ಬಾಯಿಬಿಟ್ಟು ಹೇಳಿದ್ದ.

ಮರುದಿನ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಅವಳ ಫೋನು ಹೊಡೆದುಕೊಂಡಿತು. ಎದುರಿಗೆ ಕುಲಸಚಿವ ಕೂತಿದ್ದ. ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದವನು ಕುರ್ಚಿ ಬಿಟ್ಟು ಏಳುವ ಲಕ್ಷಣವೇ ಇರಲಿಲ್ಲ. ಫೋನ್ ಮಾಡಿದವರು ದೂರದ ಇನ್ನೊಂದು ವಿಶ್ವವಿದ್ಯಾಲಯದ ಐಟಿ ಮುಖ್ಯಸ್ಥರು. ಮೊದಲು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಒಂದು ವಾಕ್ಯ ಶುರು ಮಾಡಿದರೆ ಕೇಳುವವರು ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಸಂಘದಲ್ಲಿ ಎಲ್ಲರೂ ಅವರ ಬೆನ್ನ ಹಿಂದೆ ನಿಧಾನಪ್ಪ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ನಗುತ್ತಿದ್ದರು. ಇವಳು ಈ ಹುದ್ದೆಗೆ ಬಂದ ಹೊಸತರಲ್ಲಿ ಮೇಲ್ ವ್ಯವಸ್ಥೆ ಮಕಾಡೆ ಮಲಗಿದಾಗ, ಇಡೀ ದಿನ ಫೋನ್ ಹಿಡಿದು ಕೂತು, ಒಂದೊಂದೇ ಹೆಜ್ಜೆ ಹೇಳಿಕೊಟ್ಟು ಎಬ್ಬಿಸಿದವರು ಅವರು.

"ಏನಮ್ಮಾ, ಚೆನ್ನಾಗಿದ್ದೀಯಾ? ಒಂದು ಮಾತು ಕೇಳ್ಬೇಕಿತ್ತು. ನಮ್ಮ ಪರೀಕ್ಷಾ ಸರ್ವರ್‌ಗೆ ಬೆಳಿಗ್ಗೆಯಿಂದ ಯಾರೋ ಬಂದು ಹೋಗ್ತಿರೋ ಹಾಗಿದೆ. ಕಂಪನಿ ಹೆಸರಲ್ಲೇ ಬರ್ತಿದ್ದಾರೆ. ಕಂಪನಿಯವರನ್ನ ಕೇಳಿದ್ರೆ ನಮ್ಮ ಹುಡುಗರೇ ಇರಬಹುದು ಅಂತಾರೆ. ನಿಮ್ಮಲ್ಲೂ ಅದೇ ಕಂಪನಿ ಅಲ್ವಾ? ಅಂಥದ್ದೇನಾದ್ರೂ ಕಂಡಿದ್ಯಾ?"

ಕುಲಸಚಿವ ಹುಬ್ಬು ಹಾರಿಸಿದ. ಅವನಿಗೆ ಆ ಕಡೆಯ ಮಾತು ಕೇಳಿಸಿತ್ತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. 'ಆಮೇಲೆ ಮಾಡ್ತೀನಿ ಸರ್' ಎಂದಿದ್ದರೂ ಸಾಕಿತ್ತು. ನಾಲಿಗೆ ಬೇರೆಯೇ ಹೊರಳಿತು.

"ಇಲ್ಲ ಸರ್. ನಮ್ಮಲ್ಲಿ ಎಲ್ಲ ಸರಿ ಇದೆ."

"ಹಾಗಾದ್ರೆ ಬಿಡು," ಎಂದರು ಅವರು. ದನಿ ನಿರಾಳವಾಗಿತ್ತು. "ನೀನು ಹೇಳಿದ ಮೇಲೆ ಮುಗೀತು."

ಕುಲಸಚಿವ ಹೋದ ಮೇಲೂ ಅವಳು ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಸಹಾಯಕಿ ಮೂಲೆಯ ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದಳು. ಒಂದೇ ಲೋಟವನ್ನು ಎಷ್ಟು ಹೊತ್ತು ತೊಳೆಯಬಹುದೋ ಅಷ್ಟು ಹೊತ್ತು.

"ಮೇಡಂ, ಅವರದ್ದೂ ಅದೇ ಕಂಪನಿ ಅಲ್ವಾ?"

"ಹೌದು."

ಸಹಾಯಕಿ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಬೈದಾದರೂ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು.

ಊಟದ ಡಬ್ಬಿ ತೆಗೆದು ಮತ್ತೆ ಮುಚ್ಚಿದಳು. ಮಂಡಳಿ, ಮಾನ್ಯತೆ, ಗಂಡನ ಸಂದರ್ಶನ, ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ನೋಡಿದಳು. ಎಷ್ಟು ಪೇರಿಸಿದರೂ ಆ ಮುದುಕರ 'ಹಾಗಾದ್ರೆ ಬಿಡು' ಅದರಡಿ ಮುಚ್ಚಿಹೋಗಲಿಲ್ಲ. ಎದ್ದು, ಕಟ್ಟಡದ ಹಿಂದೆ ಜನರೇಟರ್ ಶೆಡ್ಡಿನ ಮರೆಗೆ ಹೋಗಿ ಅವರ ನಂಬರು ಒತ್ತಿದಳು. ಫೋನು ಸ್ವಿಚ್ ಆಫ್. ಮತ್ತೆ ಒತ್ತಿದಳು, ಮತ್ತೆ ಅದೇ. ಅವರ ಕಚೇರಿಗೆ ಮಾಡಿದರೆ ಪರೀಕ್ಷಾ ಸಮಿತಿಯ ಸಭೆಯಲ್ಲಿದ್ದಾರೆ, ಮುಗಿದ ಮೇಲೆ ಹೇಳುತ್ತೇನೆ ಎಂದಳು ಹುಡುಗಿ. "ಸಭೆಯಿಂದ ಎಬ್ಬಿಸಿ ಕರ್ಕೊಂಡ್ಬಾ, ಪ್ರಾಣದ ವಿಷಯ ಅನ್ನು," ಎಂದು ಕೂಗಿದಳು. ಹುಡುಗಿ ಹೆದರಿ ಓಡಿದ ಸದ್ದು ಕೇಳಿತು. ಅವರು ಬರುವ ಹೊತ್ತಿಗೆ ಶೆಡ್ಡಿನ ನೆರಳು ಅವಳ ಕಾಲಿಂದ ಗೋಡೆಗೆ ಸರಿದಿತ್ತು.

"ಸರ್, ಕೇಬಲ್ ಎಳೀರಿ. ಈಗಲೇ. ನಿನ್ನೆ ನಮ್ಮಲ್ಲಿ ಎಲ್ಲ ಹೋಯ್ತು. ಆಗ ನಿಮಗೆ ಸುಳ್ಳು ಹೇಳಿದೆ."

ಆ ಕಡೆ ಕುರ್ಚಿ ಬಿದ್ದ ಸದ್ದು. ಜೀವನದಲ್ಲಿ ಯಾವುದಕ್ಕೂ ಅವಸರ ಮಾಡದ ಮನುಷ್ಯ ಓಡುತ್ತಿದ್ದರು.

ಅವಳು ಅಲ್ಲೇ ನಿಂತು ಇಡೀ ಸಂಘಕ್ಕೆ ಸುದ್ದಿ ಕಳಿಸಿದಳು. ಯಾವ ಬಾಗಿಲು, ಕಳ್ಳರು ಹೇಗೆ ಬಂದರು, ಏನು ಮುಚ್ಚಬೇಕು, ಎಲ್ಲವನ್ನೂ. ಸಂಜೆಯೊಳಗೆ ಆ ಕಂಪನಿ ಇದ್ದ ಎಲ್ಲ ಕಡೆ ಬಾಗಿಲು ಮುಚ್ಚಿತು. ಕೆಲವು ಕಡೆ ಕಳ್ಳರು ಒಳಗೆ ಕಾಲಿಟ್ಟು ಹೊಂಚು ಹಾಕುತ್ತಿದ್ದ ಗುರುತೂ ಸಿಕ್ಕಿತು. ಅವರೆಲ್ಲ ಕೂದಲೆಳೆಯಲ್ಲಿ ಪಾರಾದರು.

ನಿಧಾನಪ್ಪನವರ ವಿಶ್ವವಿದ್ಯಾಲಯ ಪಾರಾಗಲಿಲ್ಲ. ಅವರು ಓಡಿಹೋಗಿ ಕಿತ್ತದ್ದರಿಂದ ಪರೀಕ್ಷೆ, ಗ್ರಂಥಾಲಯ ಉಳಿದವು. ಭಾಷಾ ವಿಭಾಗದ ಧ್ವನಿ ಭಂಡಾರ ಉಳಿಯಲಿಲ್ಲ. ಅದರ ಪ್ರತಿಯೂ ಅದೇ ಜಾಲದಲ್ಲಿತ್ತು. ಕಳ್ಳರು ಮಧ್ಯಾಹ್ನದ ಹೊತ್ತಿಗೆ ಎರಡಕ್ಕೂ ಒಟ್ಟಿಗೇ ಬೀಗ ಜಡಿದಿದ್ದರು. ಅವರಿಗೆ ದುಡ್ಡು ಕೊಡುವ ಪ್ರಶ್ನೆಯೇ ಇರಲಿಲ್ಲ.

ಕುಲಪತಿಗಳು ಕೂಗಾಡಲಿಲ್ಲ. "ನಿಮ್ಮನ್ನ ನಂಬಿದ್ದೆ," ಎಂದರು, ಅಷ್ಟೇ. ವಾರ ಕಳೆಯುವುದರೊಳಗೆ ಅವಳನ್ನು ದೂರಶಿಕ್ಷಣದ ಪಠ್ಯ ಮುದ್ರಣ ವಿಭಾಗಕ್ಕೆ ಎತ್ತಿ ಹಾಕಿದರು. ಗಂಡನ ಸಂದರ್ಶನ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಅವನು ಅದರ ಬಗ್ಗೆ ಚಕಾರ ಎತ್ತಲಿಲ್ಲ. ಆ ಮೌನ ಮನೆಯಲ್ಲಿ ಒಬ್ಬ ನೆಂಟನ ಹಾಗೆ ಬಂದು ಠಿಕಾಣಿ ಹೂಡಿತು. ಅತ್ತೆ ಮಾತ್ರ ಸುಮ್ಮನಿರಲಿಲ್ಲ.

"ಸುಳ್ಳು ಹೇಳಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ, ನಿಜ ಹೇಳಿದ್ದಕ್ಕೆ ಎತ್ತಂಗಡಿ. ಬಹಳ ಚೆನ್ನಾಗಿದೆ ನಿಮ್ಮ ಯೂನಿವರ್ಸಿಟಿ," ಎಂದರು. ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ರಜೆ ಹಾಕಿ ರೈಲು ಹತ್ತಿ ನಿಧಾನಪ್ಪನವರಲ್ಲಿಗೆ ಹೋದಳು. ಸಂಘದವರು ಆಗಲೇ ಅಲ್ಲಿ ಸೇರಿದ್ದರು. ಬೇರೆ ಬೇರೆ ವಿಶ್ವವಿದ್ಯಾಲಯಗಳ ಮುಖ್ಯಸ್ಥರು, ಹುದ್ದೆ ಗಿದ್ದೆ ಮರೆತು, ತೋಳು ಮಡಚಿ, ಒಂದೊಂದೇ ಯಂತ್ರದಲ್ಲಿದ್ದದ್ದನ್ನೆಲ್ಲ ಅಳಿಸಿ ಮತ್ತೆ ಕಟ್ಟುತ್ತಿದ್ದರು. ಕಾರಿಡಾರಿನಲ್ಲಿ ಬಿಚ್ಚಿಟ್ಟ ಕಂಪ್ಯೂಟರ್‌ಗಳ ಸಾಲು. ಅವಳು ಸಭೆಯಲ್ಲಿ ಬೆವರಿಳಿಸಿದ್ದ ಆತನೂ ಇದ್ದ. ಅವಳನ್ನು ನೋಡಿ, ಏನೂ ಅನ್ನದೆ, ತನ್ನ ಪಕ್ಕದ ಸ್ಟೂಲಿನ ಮೇಲಿದ್ದ ಡಬ್ಬವನ್ನೆತ್ತಿ ಕೆಳಗಿಟ್ಟು ಜಾಗ ಮಾಡಿದ.

"ಬನ್ನಿ ಮೇಡಂ," ಎಂದರು ನಿಧಾನಪ್ಪ.

ಇಷ್ಟು ವರ್ಷ 'ಅಮ್ಮಾ' ಎಂದು, 'ನೀನು' ಎಂದು ಕರೆದವರು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮೂರು ದಿನ ಎಲ್ಲರ ಜೊತೆ ದುಡಿದಳು. ಕೊನೆಯ ದಿನ, ಉಳಿದವರೆಲ್ಲ ಟೀಗೆ ಹೋದಾಗ, ಕೇಳಿಯೇ ಬಿಟ್ಟಳು. "ಸರ್, ನನಗೆ ಏನಾದ್ರೂ ಬೈದುಬಿಡಿ."

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಎಂದಿನಂತೆ ಮಾತಿಗೆ ಬಹಳ ಹೊತ್ತು ತೆಗೆದುಕೊಂಡರು.

"ಅವತ್ತು ಕೇಬಲ್ ಕೈಯಲ್ಲಿ ಹಿಡ್ಕೊಂಡೇ ನಿಮಗೆ ಫೋನ್ ಮಾಡಿದ್ದೆ ಮೇಡಂ. ಅರ್ಜಿ ಹಾಕೋ ಕೊನೇ ದಿನ. ಸುಮ್ನೆ ಎಳೆದುಬಿಟ್ರೆ ಹುಡುಗರು ಪರದಾಡ್ತಾರಲ್ಲ ಅಂತ ಯೋಚನೆ. ನೀವು ಏನಿಲ್ಲ ಅಂದ್ರಿ. ಬಿಟ್ಟೆ." ಸ್ಕ್ರೂಡ್ರೈವರ್ ಮತ್ತೆ ಕೈಗೆತ್ತಿಕೊಂಡರು. "ಪ್ರತಿಯನ್ನ ಬೇರೆ ಕಡೆ ಇಡದೇ ಇದ್ದದ್ದು ನನ್ನ ತಪ್ಪು. ಅದನ್ನ ನಿಮ್ಮ ತಲೆಗೆ ಕಟ್ಟಲ್ಲ. ಆದ್ರೆ ಆ ಮಧ್ಯಾಹ್ನ ಮಾತ್ರ ನಿಮ್ಮದು."

"ಹೌದು ಸರ್."

"ಭಾಷಾ ವಿಭಾಗದ ಪ್ರೊಫೆಸರಮ್ಮ ದಿನಾ ಬಂದು ಕೇಳ್ತಾರೆ. ನನಗೆ ಹೇಳೋಕೆ ಬಾಯಿ ಬರ್ತಿಲ್ಲ. ನೀವೇ ಹೋಗಿ ಹೇಳಿ."

ಪ್ರೊಫೆಸರಮ್ಮ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು, ಆದರೂ ವಿಭಾಗದವರು ಅವರಿಗೆ ಕಿಟಕಿಯ ಪಕ್ಕ ಒಂದು ಮೇಜು ಬಿಟ್ಟುಕೊಟ್ಟಿದ್ದರು. ಬೆಟ್ಟದ ಆಚೆ ಒಂದು ಸಣ್ಣ ಸಮುದಾಯ. ಆ ಭಾಷೆ ಆಡುವವರು ಈಗ ಬೆರಳೆಣಿಕೆ. ವಯಸ್ಸಿನಲ್ಲಿದ್ದಾಗ ಹೆಗಲಿಗೆ ರೆಕಾರ್ಡರ್ ಹಾಕಿಕೊಂಡು ಅಲ್ಲಿ ಮನೆಮನೆ ಅಲೆದು ಅವರ ಮಾತು, ಕಥೆ, ಜಗಳ, ಲಾಲಿ ಎಲ್ಲವನ್ನೂ ಹಿಡಿದು ತಂದವರು ಅವರು. ಟೇಪುಗಳಿಗೆ ಬೂಷ್ಟು ಹಿಡಿದಾಗ ಎಲ್ಲವನ್ನೂ ಕಂಪ್ಯೂಟರ್‌ಗೆ ಏರಿಸಿ, ಟೇಪುಗಳನ್ನು ಎಸೆದಿದ್ದರು.

"ವಾಪಸ್ ಬರುತ್ತಾ?" ಎಂದು ಕೇಳಿದರು.

"ಬರಲ್ಲ ಅಮ್ಮ," ಎಂದಳು ಅವಳು. ಆಮೇಲೆ ತನ್ನ ಪಾಲಿನದ್ದನ್ನೂ ಮುಚ್ಚುಮರೆ ಇಲ್ಲದೆ ಹೇಳಿದಳು.

ಪ್ರೊಫೆಸರಮ್ಮ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಎಲ್ಲಾರೂ ಪ್ರಯತ್ನ ಮಾಡ್ತೀವಿ, ಪ್ರಯತ್ನ ಮಾಡ್ತೀವಿ ಅಂತಿದ್ರು. ಬರಲ್ಲ ಅಂತ ನೇರವಾಗಿ ಹೇಳಿದವಳು ನೀನೊಬ್ಬಳೇ." ಅದು ಮೆಚ್ಚುಗೆಯೋ ಶಾಪವೋ ಅವಳಿಗೆ ತಿಳಿಯಲಿಲ್ಲ. ಮುದುಕಿ ಕಿಟಕಿಯ ಕಡೆ ತಿರುಗಿ ತನ್ನಷ್ಟಕ್ಕೇ ಎಂಬಂತೆ ಹೇಳಿದರು: "ಕೇಳಿದ ವಿದ್ಯಾರ್ಥಿಗಳಿಗೆಲ್ಲ ಪ್ರತಿ ಮಾಡಿಕೊಡ್ತಿದ್ದೆ. ಯಾರು ಯಾವ ಯೂನಿವರ್ಸಿಟಿ ಸೇರಿದ್ರೋ, ಎಲ್ಲಿ ಎಸೆದ್ರೋ."

ಆ ಮಾತು ಅವಳ ತಲೆಯಲ್ಲಿ ಕೂತಿತು. ಹಿಂದಿರುಗುವ ರೈಲಿನುದ್ದಕ್ಕೂ ಅದೇ ಯೋಚನೆ.

ಸಂಘದ ವಾರ್ಷಿಕ ಸಭೆಯಲ್ಲಿ ಅವಳು ಎದ್ದು ನಿಂತು ಆದದ್ದನ್ನೆಲ್ಲ ಹೇಳಿದಳು. ಕುಲಪತಿಗಳನ್ನು ದೂರಲಿಲ್ಲ, ಕುಲಸಚಿವನ ಹುಬ್ಬಿನ ಸುದ್ದಿ ಎತ್ತಲಿಲ್ಲ. ಭದ್ರತಾ ಸಮಿತಿ ಬಿಡುತ್ತೇನೆ ಎಂದಳು. ಮುಂದಿನ ಸಾಲಿನಿಂದ ಒಬ್ಬ ಯುವ ಮುಖ್ಯಸ್ಥ ಎದ್ದ.

"ಸಮಿತಿ ಅಷ್ಟೇ ಅಲ್ಲ, ಸಂಘಾನೂ ಬಿಡಬೇಕು. ನಿಯಮ ಬರೆದವರೇ ಮುರಿದ್ರೆ ಅದಕ್ಕೆ ಬೆಲೆ ಏನು?"

ಸಭೆಯಲ್ಲಿ ಗುಸುಗುಸು ಎದ್ದಿತು. ಹಲವರು ತಲೆಯಾಡಿಸಿದರು. ನಿಧಾನಪ್ಪ ಮೈಕು ಕೇಳಿದರು. ಅವರು ವೇದಿಕೆ ಮುಟ್ಟುವವರೆಗೂ ಎಲ್ಲರೂ ಕಾದರು.

"ಇವರನ್ನ ಹೊರಗೆ ಹಾಕಿದ್ರೆ ನನಗೆ ಬೇಜಾರಿಲ್ಲ," ಎಂದರು. ಅವಳು ತಲೆ ತಗ್ಗಿಸಿದಳು. "ಆದ್ರೆ ನಾಳೆ ಇನ್ನೊಬ್ಬರು ಹೀಗೇ ಎಡವ್ತಾರೆ. ಅವರು ಇವತ್ತಿನ ಸಭೆ ನೆನೆಸ್ಕೊಂಡು ಬಾಯಿ ಮುಚ್ಕೋತಾರೆ. ಇವರು ತಡವಾಗಿ ಹೇಳಿದ್ರು. ಆ ತಡವಾದ ಮಾತಿಂದ ಇಲ್ಲಿ ಕೂತಿರೋ ಎಷ್ಟು ಜನ ಬಚಾವಾದ್ರಿ? ಕೈ ಎತ್ತಿ."

ಮೊದಲು ಒಂದು ಕೈ, ಆಮೇಲೆ ಅಲ್ಲೊಂದು ಇಲ್ಲೊಂದು. ಯುವ ಮುಖ್ಯಸ್ಥ ಸ್ವಲ್ಪ ಹೊತ್ತು ಮುಖ ಬಿಗಿದು ನಿಂತಿದ್ದು, ಕೊನೆಗೆ ತಾನೂ ಎತ್ತಿದ. ಅವಳನ್ನು ಉಳಿಸಿಕೊಂಡರು. ನಿಯಮವನ್ನು ಬದಲಿಸಿದರು: ಇನ್ನು ಮುಂದೆ ಪ್ರತಿ ಕುಲಪತಿಯೂ ಇದಕ್ಕೆ ಮೊದಲೇ ಸಹಿ ಹಾಕಿರಬೇಕು, ಆಗ ಇಕ್ಕಟ್ಟಿನ ಹೊತ್ತಿನಲ್ಲಿ ಅಪ್ಪಣೆ ಕೇಳುವ ಪ್ರಶ್ನೆಯೇ ಬರುವುದಿಲ್ಲ. ವೇದಿಕೆಯಿಂದ ಇಳಿದು ಬಂದ ನಿಧಾನಪ್ಪನವರ ದಾರಿಗೆ ಅಡ್ಡ ನಿಂತು ಅವಳು ಕೈ ಮುಗಿದಳು. ಅವರು ತಲೆ ಬಾಗಿಸಿ, ಪಕ್ಕದಿಂದ ಹಾದು ಹೋದರು.

ಮಧ್ಯಾಹ್ನದ ಕಲಾಪದಲ್ಲಿ ಅವಳು ಪ್ರೊಫೆಸರಮ್ಮನ ಮಾತನ್ನು ಸಭೆಯ ಮುಂದಿಟ್ಟಳು. ಎಲ್ಲರೂ ತಮ್ಮ ತಮ್ಮ ಹಳೆಯ ಸರ್ವರ್, ಕೆಟ್ಟು ಮೂಲೆ ಸೇರಿದ ಡಿಸ್ಕು, ನಿವೃತ್ತ ಅಧ್ಯಾಪಕರ ಕಪಾಟು ತಡಕಬೇಕು, ಆ ಧ್ವನಿಗಳ ಒಂದು ಚೂರು ಸಿಕ್ಕರೂ ಕಳಿಸಬೇಕು. ಈ ಮಾತಿಗೆ ಯಾರೂ ಎದುರಾಡಲಿಲ್ಲ.

ಮೊದಲ ತಿಂಗಳು ಏನೂ ಬರಲಿಲ್ಲ. ಆಮೇಲೆ ಕರಾವಳಿಯ ಒಂದು ವಿಶ್ವವಿದ್ಯಾಲಯದಿಂದ ಯಾರೋ ಸಂಶೋಧಕ ಬಿಟ್ಟು ಹೋಗಿದ್ದ ಧ್ವನಿ ಫೈಲುಗಳ ಒಂದು ಗಂಟು ಬಂತು. ಮತ್ತೊಂದು ಕಡೆ, ಅವಳ ಬೈಗುಳ ತಿಂದಿದ್ದ ಆತ, ಗುಜರಿಗೆ ಹೋಗಲು ಕಟ್ಟಿಟ್ಟಿದ್ದ ಯಂತ್ರದೊಳಗಿಂದ ಒಂದು ದೊಡ್ಡ ರಾಶಿಯನ್ನೇ ಹೊರಗೆಳೆದ. ಹೀಗೆ ಹನಿ ಹನಿಯಾಗಿ ಬರುತ್ತಾ ಬರುತ್ತಾ ಅರ್ಧದಷ್ಟು ಭಂಡಾರ ಕೂಡಿತು. ಅವಳು ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಹೋಗಿ ಅದನ್ನು ಜೋಡಿಸುತ್ತಿದ್ದಳು. ಒಮ್ಮೆ ಗಂಡನೇ ನಿಲ್ದಾಣದವರೆಗೆ ಬಂದು, ಚೀಲ ಎತ್ತಿಕೊಟ್ಟು, "ಅಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ಹೇಳು," ಎಂದ. ಅಷ್ಟರಮಟ್ಟಿಗೆ ಮನೆಯ ಮೌನ ಸಡಿಲಿತ್ತು. ಬಡ್ತಿ ಇನ್ನೂ ಬಂದಿರಲಿಲ್ಲ.

ಪ್ರೊಫೆಸರಮ್ಮ ಒಂದೊಂದೇ ತುಣುಕು ಕೇಳಿ ಯಾರ ಧ್ವನಿ ಎಂದು ಹೇಳುತ್ತಿದ್ದರು. "ಇವನು ಕುಂಟ ಕಮ್ಮಾರ, ಮಹಾ ಸುಳ್ಳುಗಾರ." "ಇವಳು ಅತ್ತೆ, ಹಿಂದೆ ಬೈತಿರೋದು ಸೊಸೆ." ಒಬ್ಬಳ ಧ್ವನಿ ಮಾತ್ರ ಎಲ್ಲಿಂದಲೂ ಬರಲಿಲ್ಲ. ದೋಣಿ ನಡೆಸುತ್ತಿದ್ದ ಒಬ್ಬ ಮುದುಕಿ. ಅವಳು ಹೇಳಿದ್ದ ಉದ್ದನೆಯ ಒಂದು ಕಥೆ ಬೇರೆ ಯಾರಿಗೂ ಬರುತ್ತಿರಲಿಲ್ಲವಂತೆ. ತಡಕಬೇಕಾದ ಜಾಗಗಳೆಲ್ಲ ಮುಗಿದ ಮೇಲೆ, ಒಂದು ಬೆಳಿಗ್ಗೆ, ಪ್ರೊಫೆಸರಮ್ಮ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು.

"ನಾನೇ ಹೇಳಿ ನೋಡ್ತೀನಿ. ಎಷ್ಟೋ ಸಲ ಕೇಳಿದ್ದೀನಲ್ಲ. ಹಾಕು ಅದನ್ನ."

ಅವಳು ರೆಕಾರ್ಡರ್ ಒತ್ತಿದಳು. ಪ್ರೊಫೆಸರಮ್ಮ ಕಣ್ಣು ಮುಚ್ಚಿ ಶುರು ಮಾಡಿದರು. ಅವಳಿಗೆ ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ನೀರು, ಗಾಳಿ, ಯಾರನ್ನೋ ದಡದಿಂದ ಕೂಗುವುದು, ಅಷ್ಟು ಆ ದನಿಯ ಏರಿಳಿತದಲ್ಲಿ ಕೇಳಿಸಿತು. ಬಾಗಿಲಲ್ಲಿ ನಿಧಾನಪ್ಪ ಬಂದು ನಿಂತಿದ್ದರು, ಒಳಗೆ ಬರಲಿಲ್ಲ. ಕಥೆ ಸಾಗುತ್ತಾ ಸಾಗುತ್ತಾ ಒಂದು ಕಡೆ ತಡವರಿಸಿತು. ಪ್ರೊಫೆಸರಮ್ಮ ಹಿಂದಕ್ಕೆ ಹೋಗಿ ಅದೇ ವಾಕ್ಯವನ್ನು ಮತ್ತೆ ಹೇಳಿದರು, ಇನ್ನೊಮ್ಮೆ ಹೇಳಿದರು, ತುಟಿ ಅಲುಗಿತು, ಮುಂದಿನದು ಬರಲಿಲ್ಲ.

"ಇಲ್ಲ," ಎಂದರು ಕಣ್ಣು ತೆರೆದು. "ಇಷ್ಟೇ ಇರೋದು ನನ್ನ ಹತ್ರ. ನಿಲ್ಲಿಸು."

ಅವಳು ಗುಂಡಿ ಒತ್ತಿ ನಿಲ್ಲಿಸಿದಳು. ಫೈಲಿಗೆ ಹೆಸರು ಕೇಳಿತು ಯಂತ್ರ. ದೋಣಿಯವಳ ಕಥೆ ಎಂದು ಬರೆದಳು. ಸ್ವಲ್ಪ ಯೋಚಿಸಿ, ಅದರ ಮುಂದೆ 'ಅಪೂರ್ಣ' ಎಂದು ಸೇರಿಸಿ, ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಲು ತಂತಿ ಹುಡುಕತೊಡಗಿದಳು.